ಮೊದಲನೇ ಸೀನಿನ ಮಡಿವಾಳೆಪ್ಪ

ಕಾಶಿನಾಥ ಎತ್ತಿ ಒಗೆದ ಪ್ಲಾಸ್ಟಿಕ್ ಕುರ್ಚಿ ಗುಡದಪ್ಪನ ಭುಜಕ್ಕೆ ಬಡಿದು, ಅಂಗಳದ ಕಲ್ಲಿಗೆ ತಾಗಿ, ಕಾಲು ಮುರಿದುಕೊಂಡು ಬಿತ್ತು. ಭಜನೆಯವರು ತಾಳ ನಿಲ್ಲಿಸಿದರು.

"ಇನ್ನೊಮ್ಮೆ ಆ ಹೆಸರು ಈ ಅಂಗಳದಾಗ ತಗದಿ ಅಂದ್ರ ನಿನ್ನ ಬಾಯಾಗ ಹಲ್ಲ ಉಳಿಯೂದಿಲ್ಲ!"

"ನಾ ಏನ ಮಾಡೀನೋ ತಮ್ಮಾ? ಈರಪ್ಪ ಯರಗುಪ್ಪಿ ಬಿಟ್ಟಾನಂತ, ಮಣ್ಣಿಗೆ ಬರ್ತಾನಂತ ಫೋನ್ ಬಂತು. ಬಂದದ್ದ ಹೇಳಿದೆ," ಎಂದು ಗುಡದಪ್ಪ ಭುಜ ತಿಕ್ಕಿಕೊಂಡ.

"ಬರ್ಲಿ. ಬರ್ಲಿ ಅಂತನ ಕುಂತೇನಿ. ಅಪ್ಪಗ ಒಂದು ಕುಣಿ ತೋಡ್ಯಾರ, ಬಾಜೂಕ ಇನ್ನೊಂದು ತೋಡಾಕ ಹೇಳು."

ಗುಡದಪ್ಪ ಎದುರುಮನೆಯವನು. ಊರಿನ ಯಾವ ಸುದ್ದಿಯೂ ಅವನ ಬಾಯಲ್ಲಿ ಒಂದು ಸುತ್ತು ಬರದೆ ಮುಂದಿನ ಓಣಿಗೆ ಹೋಗುತ್ತಿರಲಿಲ್ಲ. ಪೆಟ್ಟು ತಿಂದರೂ ಅವನ ಮುಖದಲ್ಲಿ ಒಂದು ಹುರುಪಿತ್ತು. ಅಂಗಳದಲ್ಲಿ ಕೂತ ಉಳಿದವರ ಮುಖದಲ್ಲೂ ಇತ್ತು. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಊರಲ್ಲೂ ಇರುತ್ತಾರೆ, ಕುಬಿಹಾಳವೇನು ಆಕಾಶದಿಂದ ಇಳಿದದ್ದಲ್ಲ.

ಹಣೆತುಂಬ ವಿಭೂತಿ ಹಚ್ಚಿ, ಹೊಸ ರುಮಾಲು ಸುತ್ತಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಮಡಿವಾಳೆಪ್ಪನ ಎದುರು ಭಜನೆ ಮತ್ತೆ ಶುರುವಾಯಿತು. ಹರೆಯದಿಂದಲೂ ಊರ ನಾಟಕದಲ್ಲಿ ಪಾತ್ರ ಮಾಡಿದ ಈ ಮನುಷ್ಯನಿಗೆ ಇಷ್ಟು ಹೊತ್ತು ಎಲ್ಲರ ಎದುರು ಕೂರುವ ಯೋಗ ಬದುಕಿದ್ದಾಗ ಒಮ್ಮೆಯೂ ಬಂದಿರಲಿಲ್ಲ. ಅವನಿಗೆ ಉದ್ದನೆಯ ಮಾತು ಬಾಯಿಪಾಠ ಆಗುತ್ತಿರಲಿಲ್ಲ. ಹಾಗಾಗಿ ಯಾವ ನಾಟಕವಾದರೂ ಮೊದಲನೇ ಸೀನಿನಲ್ಲಿ ಸಾಯುವ ಪಾತ್ರ ಅವನದೇ. ಸತ್ತು, ಪರದೆ ಬಿದ್ದ ಮೇಲೆ ಎದ್ದು, ಬಣ್ಣ ಒರೆಸಿಕೊಂಡು, ಉಳಿದ ಪಾತ್ರದವರಿಗೆ ಚಹಾ ಕಾಸಿ ಕೊಡುತ್ತಿದ್ದ. ಊರಿನವರು ಅವನನ್ನು ಕರೆಯುತ್ತಿದ್ದದ್ದೇ ಮೊದಲನೇ ಸೀನಿನ ಮಡಿವಾಳೆಪ್ಪ ಎಂದು. ಅವನೂ ಆ ಹೆಸರಿಗೆ ನಗುತ್ತ ಓಗೊಡುತ್ತಿದ್ದ.

ಕಡೆಯ ಸಲ ಅವನು ಬಣ್ಣ ಹಚ್ಚಿ ಹದಿಮೂರು ವರ್ಷವಾಗಿತ್ತು. ಆ ನಾಟಕದಲ್ಲಿ ಧಣಿಯ ಪಾತ್ರ ಮಾಡಿದ ಈರಪ್ಪ ಕೊಡಲಿಯಿಂದ ಅವನ ತಲೆಗೆ ನಿಜವಾಗಿಯೇ ಹೊಡೆದಿದ್ದ. ಎಡಗೈ, ಎಡಗಾಲು ಬಿದ್ದುಹೋದವು. ಬಾಯಿ ಸೊಟ್ಟಗಾಯಿತು. ಈರಪ್ಪ ಊರು ಬಿಟ್ಟು ಯರಗುಪ್ಪಿಯ ಹೆಂಡತಿಯ ಮನೆ ಸೇರಿದ. ನಾಟಕ ಮೊದಲನೇ ಸೀನಿಗೇ ನಿಂತುಹೋಯಿತು.

"ಕಡೀ ಸೀನ್ ಇವತ್ತ ಆಗ್ತದ ನೋಡ್ರಿ," ಎಂದು ಗುಡದಪ್ಪ ಬಾಜು ಕೂತವನ ಕಿವಿಯ ಹತ್ತಿರ ಹೇಳಿದ.

"ನಾಟಕದಾಗೂ ಮಗನ ಅಲ್ಲೇನು ಸೇಡು ತೀರಿಸ್ಕೊಳ್ಳೂದು?"

"ಮತ್ತ! ಅಪ್ಪನ್ನ ಕೊಂದ ಕೊಡ್ಲೀಲೆನ ಧಣೀನ್ನ ಕಡೀತಾನ. ತಾಲೀಮಿನ್ಯಾಗ ನೋಡಿದ್ವಿ. ಸ್ಟೇಜಿನ ಮ್ಯಾಲ ನೋಡೂದು ನಮ್ಮ ಹಣೇಬಾರದಾಗ ಇರಲಿಲ್ಲ."

ಬಾಗಿಲ ಮರೆಯಲ್ಲಿ ನಿಂತಿದ್ದ ಕಸ್ತೂರೆವ್ವ ಎಲ್ಲ ಕೇಳಿಸಿಕೊಂಡಳು. ಗಂಡ ಸತ್ತು ಒಂದು ರಾತ್ರಿಯಾಗಿತ್ತು. ಅಳು ಬಂದಷ್ಟು ಬಂದು ನಿಂತಿತ್ತು. ಈಗ ಉಳಿದದ್ದು ಹೆದರಿಕೆ. ಹಿತ್ತಲಿಗೆ ಹೋಗಿ ಕಟ್ಟಿಗೆ ಒಡೆಯುವ ಬೊಡ್ಡೆ ನೋಡಿದಳು. ದಿನಾ ಅದರಲ್ಲಿ ನಾಟಿಕೊಂಡಿರುತ್ತಿದ್ದ ಕೊಡಲಿ ಇರಲಿಲ್ಲ.

ಹೊರಗೆ ಓಣಿಯಲ್ಲಿ ಹೆಣ ಒಯ್ಯುವ ಟ್ರ್ಯಾಕ್ಟರಿನ ಟ್ರೇಲರಿಗೆ ಬಾಳೆಕಂಬ ಕಟ್ಟುತ್ತಿದ್ದರು. ಚೆಂಡುಹೂವಿನ ರಾಶಿಯ ಕೆಳಗೆ ಕೊಡಲಿಯ ಕಾವು ಕಾಣುತ್ತಿತ್ತು. ಕಾಶಿನಾಥ ಅದರ ಬಾಜುವೇ ನಿಂತಿದ್ದ.

"ಕಾಶೀ, ಅದನ್ನ ಕೊಡು."

"ಯಾವುದನ್ನ?"

"ಕೊಡ್ಲಿ."

"ನಿನಗ್ಯಾಕ ಬೇಕು ಬೇ ಅದು? ಇವತ್ತ ನಮ್ಮನ್ಯಾಗ ಒಲಿ ಹಚ್ಚಂಗಿಲ್ಲ," ಎಂದು ಅವನು ಹೂವು ಸರಿಸಿ ಕಾವು ಮುಚ್ಚಿದ.

*

ಅಲ್ಲಾವುದ್ದೀನ ಮಾಸ್ತರ ಯಮನೂರಿನವರು. ಕಾಲುಪೇಟಿ ಹಾರ್ಮೋನಿಯಂ ನುಡಿಸುತ್ತ, ಊರೂರಿಗೆ ಹೋಗಿ ನಾಟಕ ಕಲಿಸುತ್ತ ಬದುಕಿದವರು. ಹದಿಮೂರು ವರ್ಷದ ಹಿಂದೆ, ಕಡಲೆ ಸುಗ್ಗಿ ಮುಗಿದ ಮೇಲೆ, ಕುಬಿಹಾಳದ ಶಾಲೆಯ ಕಟ್ಟೆಯ ಮೇಲೆ ಅವರು 'ಹೊಲ ಕೇಳಿದ ನೆತ್ತರು' ನಾಟಕದ ತಾಲೀಮು ನಡೆಸಿದ್ದರು. ಮಧ್ಯಾಹ್ನದ ಹೊತ್ತು. ಅರ್ಧ ಊರು ಅಲ್ಲೇ ಇರುತ್ತಿತ್ತು.

"ನೋಡ್ರಪಾ, ಮೊದಲನೇ ಸೀನ್ ಅಂದ್ರ ಬಿತ್ತಿಗಿ ಇದ್ದಂಗ," ಎನ್ನುತ್ತಿದ್ದರು ಮಾಸ್ತರ. "ಅಲ್ಲಿ ಏನ ಬಿತ್ತತೀರಿ, ಮಂದಿ ಬೆಳಗಾಗೂತನ ಅದನ್ನ ನೋಡ್ತಾರ. ಇಂವ ಕೊಲ್ಲಾಂವ, ಇಂವ ಸಾಯಾಂವ ಅಂತ ಒಮ್ಮೆ ಅವರ ಕಣ್ಣಿಗೆ ಹಚ್ಚಿಬಿಟ್ರ ಮುಗೀತು. ಆಮ್ಯಾಲ ಆ ಕೊಲ್ಲಾಂವ ಕೂಸಿಗೆ ಹಾಲು ಕುಡಿಸಿದ್ರೂ ಮಂದಿ, ವಿಷ ಹಾಕ್ಯಾನ ಅಂತಾರ. ಮಡಿವಾಳೆಪ್ಪಾ, ನೀ ಛಲೋ ಸತ್ತಿ ಅಂದ್ರ ಅರ್ಧ ನಾಟಕ ಗೆದ್ದಂಗ."

"ಸಾಯೂದ್ರಾಗ ನನ್ನ ಮೀರ್ಸಾವ್ರು ಯಾರದಾರ್ರಿ ಮಾಸ್ತರ?" ಎಂದು ಮಡಿವಾಳೆಪ್ಪ ನಕ್ಕಿದ್ದ.

ಸೀನು ಸರಳವಾಗಿತ್ತು. ರೈತ ತನ್ನ ಹೊಲದ ಬದುವಿನ ಜಾಲಿ ಕಡಿಯುತ್ತಿರುತ್ತಾನೆ. ಧಣಿ ಬಂದು ಬದು ತನ್ನದು ಎನ್ನುತ್ತಾನೆ. ಮಾತಿಗೆ ಮಾತು ಬೆಳೆದು ರೈತ ಕೊಡಲಿ ಎತ್ತುತ್ತಾನೆ, ಎತ್ತಿ ನಿಲ್ಲುತ್ತಾನೆ. ಧಣಿ ಅದನ್ನು ಕಸಿದು, ಅವನ ಕೊಡಲಿಯಿಂದಲೇ ಅವನನ್ನು ಹೊಡೆದು ಕೆಡವುತ್ತಾನೆ. ಕೊಡಲಿ ಕಟ್ಟಿಗೆಯದು, ಮೇಲೆ ಬೆಳ್ಳಿ ಕಾಗದ ಅಂಟಿಸಿದ್ದು.

ಧಣಿಯ ಪಾತ್ರ ಈರಪ್ಪನಿಗೆ ಕೊಟ್ಟದ್ದು ಮಾಸ್ತರರಲ್ಲ, ಊರಿನ ಹಿರಿಯರು. ಈರಪ್ಪ ಮಡಿವಾಳೆಪ್ಪನ ಕಾಕನ ಮಗ. ಇಬ್ಬರ ಹೊಲಕ್ಕೂ ನಡುವೆ ಒಂದೇ ಬದು. ಈರಪ್ಪ ಪ್ರತಿ ಸಲ ರಂಟೆ ಹೊಡೆಯುವಾಗ ಆ ಬದುವನ್ನು ಒಂದೊಂದು ಗೆರೆ ತಿನ್ನುತ್ತ ಬಂದಿದ್ದ. ನಾಟಕದ ಹಿಂದಿನ ಮಳೆಗಾಲದಲ್ಲಿ ಬದು ದಾಟಿ ಬಂದ ಮಡಿವಾಳೆಪ್ಪನ ಎತ್ತಿನ ಮುಂಗಾಲಿಗೆ ಕಬ್ಬಿಣದ ಹಾರೆಯಿಂದ ಹೊಡೆದು ಎಲುಬು ಮುರಿದಿದ್ದ. ಎತ್ತು ಕೊಟ್ಟಿಗೆಯಲ್ಲಿ ಒದ್ದಾಡಿ ಒದ್ದಾಡಿ ಸತ್ತಿತ್ತು. ಅದರ ಗೋಳು ಇಡೀ ಓಣಿ ಕೇಳಿತ್ತು.

"ಖರೇ ಹಗಿ ಇದ್ರ ಸೀನ್ ಖರೇ ಅನಸ್ತದ್ರಿ ಮಾಸ್ತರ," ಎಂದರು ಹಿರಿಯರು. ಮಾಸ್ತರ ಬೇಡವೆಂದರು. ಮಡಿವಾಳೆಪ್ಪ ಮಾತ್ರ, "ಇರ್ಲಿ ಬಿಡ್ರಿ, ಯಾರರ ಹೊಡೀಲಿ, ಸಾಯಾಂವ ನಾನ," ಎಂದ.

ನಾಟಕದ ದಿನ ಸ್ಟೇಜಿನ ಮುಂದೆ ಸೂಜಿ ಹಾಕಲು ಜಾಗವಿರಲಿಲ್ಲ. ಒಂಬತ್ತನೇ ಇಯತ್ತೆಯ ಕಾಶಿನಾಥ ಮುಂದಿನ ಸಾಲಿನಲ್ಲೇ ಕೂತಿದ್ದ. ಮಡಿವಾಳೆಪ್ಪ ಕೊಡಲಿ ಎತ್ತಿದ. ಈರಪ್ಪ ಕಸಿದುಕೊಂಡ. ನಡುವೆ ಏನಾಯಿತೆಂದು ಯಾರೂ ಗಮನವಿಟ್ಟು ನೋಡಲಿಲ್ಲ, ಮುಂದೆ ಏನಾಗಬೇಕೆಂದು ಎಲ್ಲರಿಗೂ ಗೊತ್ತಿತ್ತಲ್ಲ. ಈರಪ್ಪ ಕೊಡಲಿ ತಿರುವಿ ಅದರ ಹಿಂಬದಿಯಿಂದ ತಲೆಗೆ ಹೊಡೆದ. ಕಾಯಿ ಒಡೆದಂಥ ಸಪ್ಪಳ ಕಡೆಯ ಸಾಲಿನವರೆಗೆ ಕೇಳಿಸಿತು. ಮಡಿವಾಳೆಪ್ಪ ಬಿದ್ದ. ಜನ ಸಿಳ್ಳು ಹೊಡೆದರು, ಚಪ್ಪಾಳೆ ತಟ್ಟಿದರು. ಅಷ್ಟು ಚಂದ ಅವನು ಹಿಂದೆಂದೂ ಸತ್ತಿರಲಿಲ್ಲ.

ಪಾತ್ರ ಮನಸ್ಸಿಗೆ ಬಂದರೆ ನಾಟಕ ನಿಲ್ಲಿಸಿ ಆಯಾರ ಮಾಡುವುದು ಆ ಕಡೆಯ ಪದ್ಧತಿ. ಮೈಕಿನಲ್ಲಿ ಈರಪ್ಪನ ಹೆಸರು ಕೂಗಿದರು. ಹಿರಿಯರು ಸ್ಟೇಜು ಹತ್ತಿ ಅವನಿಗೆ ಹಾರ ಹಾಕಿದರು, ಟಾವೆಲ್ಲು ಹೊದಿಸಿದರು, ಅಂಗಿಗೆ ನೋಟು ಚುಚ್ಚಿದರು. ಈರಪ್ಪ ಬಾಯಿ ತೆರೆದುಕೊಂಡು ಹಾಗೇ ನಿಂತಿದ್ದ. ಒಬ್ಬರು ಮಡಿವಾಳೆಪ್ಪನನ್ನು ದಾಟಿಯೇ ಹೋಗಿ ಅವನ ಕೈ ಕುಲುಕಿದರು. ಸ್ಟೇಜಿನ ಹಲಗೆಯ ಸಂದಿಯಿಂದ ರಕ್ತ ಕೆಳಗಿಳಿದು ಪೇಟಿಯ ಮೇಲೆ ತೊಟ್ಟಿಕ್ಕಿದಾಗ ಮಾಸ್ತರ ಎದ್ದು, "ಪರದೆ ಇಳಸ್ರೋ, ಪರದೆ!" ಎಂದು ಚೀರಿದರು. ಸೀನು ಮೊಟಕು ಮಾಡುತ್ತಿದ್ದಾರೆಂದು ಜನ ಅವರ ಮೇಲೆ ಚಪ್ಪಲಿ ಒಗೆದರು.

*

ಹೆಣದ ಟ್ರ್ಯಾಕ್ಟರು ಓಣಿ ಬಿಟ್ಟು ಊರಬಾಗಿಲ ಅಗಸಿಯ ಕಡೆ ಹೊರಟಿತು. ಕಾಶಿನಾಥ ಟ್ರೇಲರಿನಲ್ಲಿ ಅಪ್ಪನ ಬೆನ್ನಿಗೆ ಆತುಕೊಂಡು ನಿಂತಿದ್ದ. ಹಿಂದೆ ಹೆಂಗಸರ ಗುಂಪಿನಲ್ಲಿ ಕಸ್ತೂರೆವ್ವ. ಅಲ್ಲಾವುದ್ದೀನ ಮಾಸ್ತರ ಕೋಲು ಊರುತ್ತ ಅವಳ ಸಮಕ್ಕೆ ಬಂದರು. ಅವರಿಗೆ ಈಗ ಒಂದೇ ಕಣ್ಣು ಸರಿಯಾಗಿ ಕಾಣುತ್ತಿತ್ತು.

"ತಂಗೀ, ಟ್ರೇಲರಿನ್ಯಾಗ ಏನ ಐತಿ ನೋಡೀದಿಲ್ಲ?"

"ನೋಡೇನ್ರಿ."

"ನೀ ಒಂದ ಮಾತ ಹೇಳಿದ್ರ ಮುಗೀತಿತ್ತು."

"ಹೇಳಿದ್ರ ಸತ್ತಾಂವನ ಮಾನ ಹೋಗ್ತದ್ರಿ ಮಾಸ್ತರ. ಅವರು ಕುಂತಾರ ನೋಡ್ರಿ, ದೇವರಂಗ. ಊರ ಮಂದಿ ಕಾಲ ಬೀಳಾಕತ್ತಾರ. ಇಷ್ಟು ವರ್ಷ ಬಾಯಿ ಬಿಡಲಿಲ್ಲ, ಇವತ್ತ ಮಣ್ಣಾಗೂ ಹೊತ್ತಿನ್ಯಾಗ ಬಿಡ್ಲೇನು?"

"ಹೇಳದಿದ್ರ ಇದ್ದಾಂವ ಜೇಲಿಗೆ ಹೋಗ್ತಾನ. ಇಲ್ಲಂದ್ರ ಕುಣಿಗೆ."

ಅಗಸಿ ಬಂತು. ಹೆಂಗಸರು ಅಲ್ಲಿಂದ ಹಿಂತಿರುಗುವುದು ಊರಿನ ರೂಢಿ. ಎಲ್ಲರೂ ಕಾಲಿಗೆ ನೀರು ಹಾಕಿಕೊಂಡು ತಿರುಗಿದರು. ಕಸ್ತೂರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದಳು. "ಕಸ್ತೂರೆವ್ವಾ, ಎಲ್ಲಿಗೆ ಬೇ?" ಎಂದು ಹಿಂದಿನಿಂದ ಕೂಗಿದರೂ ನಿಲ್ಲಲಿಲ್ಲ.

*

ನಾಟಕದ ಮರುದಿನ ಅವಳು ಗಂಡನನ್ನು ಹುಬ್ಬಳ್ಳಿಯ ದವಾಖಾನೆಯಲ್ಲಿ ಬಿಟ್ಟು, ಬಟ್ಟೆ ಒಯ್ಯಲು ಮನೆಗೆ ಬಂದಿದ್ದಳು. ಹಿತ್ತಲ ಬೊಡ್ಡೆಯಲ್ಲಿ ಕೊಡಲಿ ಇರಲಿಲ್ಲ. ಹುಡುಕುತ್ತ ಮಾಸ್ತರರ ಹತ್ತಿರ ಹೋದವಳು ನಾಟಕದ ಸಾಮಾನಿನ ಟ್ರಂಕಿನಲ್ಲಿ, ಕಟ್ಟಿಗೆಯ ಖಡ್ಗಗಳ ನಡುವೆ ಅದನ್ನು ಕಂಡಳು. ತಮ್ಮ ಕೊಡಲಿಯ ಕಾವು ಅವಳಿಗೆ ಗೊತ್ತಾಗದೇ? ಮಾಸ್ತರ ಅದನ್ನು ಗೋಣಿಚೀಲದಲ್ಲಿ ಸುತ್ತಿ ಕೊಟ್ಟರು.

ಮಡಿವಾಳೆಪ್ಪನಿಗೆ ತೊದಲು ಮಾತು ಮರಳಿದ ದಿನ ಅವಳು ಕೇಳಿದಳು.

"ಮನೀ ಕೊಡ್ಲಿ ಯಾಕ ಒಯ್ದಿದ್ರಿ?"

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಸೊಟ್ಟ ಬಾಯಿಂದ ಜೊಲ್ಲು ಇಳಿಯುತ್ತಿತ್ತು.

"ಎತ್ತಿನ ಗೋಳು ಕಿವ್ಯಾಗಿಂದ ಹೋಗವಲ್ದಾಗಿತ್ತು. ಹರೇದಾಗಿಂದ ನಾನ ಸಾಯಾಕತ್ತೇನಿ. ಈ ಸಲ ಅಂವ ಸಾಯ್ಲಿ ಅಂದೆ. ಬೀಸಿದೆ. ತಪ್ಪಿಸ್ಕೊಂಡ."

ಕಸ್ತೂರೆವ್ವ ಗಂಜಿಯ ಬಟ್ಟಲು ಕೆಳಗಿಟ್ಟಳು. ಒಂದು ಕೋಳಿ ಕೊಯ್ಯಲೂ ಬಾರದ ಗಂಡಸು ಎಂದು ಅವಳು ನಂಬಿದ್ದಳು. ಅವನ ಮೇಲೆ ಹೇಸಿಗೆಯೂ ಬಂತು, ಮರುಕವೂ ಬಂತು.

"ಹುಡುಗಗ ಹೇಳಬ್ಯಾಡ," ಎಂದ ಅವನು. ಅವಳು ಹೇಳಲಿಲ್ಲ. ನಾಟಕದಲ್ಲಿ ಬಿದ್ದು ಪೆಟ್ಟಾಯಿತೆಂದು ದವಾಖಾನೆಯಲ್ಲಿ ಬರೆಸಿದರು. ಆದರೆ ಕಾಶಿನಾಥ ಕಣ್ಣಾರೆ ನೋಡಿದ್ದ, ಊರು ಅವನಿಗೆ ದಿನಾ ಅದನ್ನೇ ನೆನಪಿಸುತ್ತಿತ್ತು. ಬಿತ್ತಿದ್ದು ಹುಟ್ಟದೆ ಇರುತ್ತದೆಯೇ?

*

ಕುಣಿಯನ್ನು ಅವರ ಹೊಲದಲ್ಲೇ, ಅದೇ ಬದುವಿನ ಹತ್ತಿರ ತೋಡಿದ್ದರು. ಈರಪ್ಪ ಆಗಲೇ ಅಲ್ಲಿ ಬಂದು ಒಬ್ಬನೇ ನಿಂತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ಕೈಯಲ್ಲಿ ಒಂದು ಬಿಲ್ವಪತ್ರೆಯ ಕಟ್ಟು.

ಟ್ರ್ಯಾಕ್ಟರು ನಿಂತಿತು. ಕಾಶಿನಾಥ ಹೂವಿನ ಕೆಳಗಿಂದ ಕೊಡಲಿ ಎಳೆದುಕೊಂಡು ಜಿಗಿದ. ಯಾರೂ ಹೇಳದಿದ್ದರೂ ಮಂದಿ ತಾವಾಗಿ ದುಂಡಗೆ ಜಾಗ ಬಿಟ್ಟು ನಿಂತರು. ನಾಲ್ಕಾರು ಮೊಬೈಲು ಮೇಲೆದ್ದವು.

"ಕಾಶೀ, ಒಂದ ಮಾತ..." ಎಂದ ಈರಪ್ಪ.

ಮಾತು ಮುಗಿಯುವ ಮೊದಲೇ ಕೊಡಲಿ ಬಂತು. ಈರಪ್ಪ ಎಡಗೈ ಅಡ್ಡ ತಂದ. ಅಲಗು ಮುಂದೋಳನ್ನು ಸೀಳಿಕೊಂಡು ಹೋಯಿತು, ಒಳಗಿನ ಬಿಳಿ ಎಲುಬು ಒಂದು ಗಳಿಗೆ ಕಂಡು ರಕ್ತದಲ್ಲಿ ಮುಳುಗಿತು. ಅವನು ಮೊಣಕಾಲೂರಿ ಕುಸಿದ. ಪತ್ರೆ ಎರೆಮಣ್ಣಿನಲ್ಲಿ ಚೆಲ್ಲಿತು. ಕಾಶಿನಾಥ ಅವನ ಎದೆಗೆ ಒದ್ದು ಮಲಗಿಸಿ, ಮತ್ತೆ ಕೊಡಲಿ ಎತ್ತಿದ. "ಹಾಕು ಮಗನ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಎತ್ತಿದ ಕೊಡಲಿ ಇಳಿಯಲಿಲ್ಲ. ಕಸ್ತೂರೆವ್ವ ಎರಡೂ ಕೈಯಿಂದ ಕಾವು ಹಿಡಿದು ಜೋತುಬಿದ್ದಿದ್ದಳು.

"ಬಿಡು ಬೇ ಯವ್ವಾ! ನಿನ್ನೂ ಹೊಡದ್ಹಾಕ್ತೇನಿ!"

"ಹಾಕು. ಹಾಕೂಕಿಂತ ಮೊದಲ ಕೇಳು. ಈ ಕೊಡ್ಲಿ ಯಾರದು?"

"ನಮ್ದು."

"ಅವತ್ತ ಸ್ಟೇಜಿನ ಮ್ಯಾಲ ಇದ್ದದ್ದೂ ಇದನ. ಒಯ್ದಾಂವ ಈರಪ್ಪ ಅಲ್ಲ. ನಿಮ್ಮಪ್ಪ. ಇಂವನ್ನ ಕೊಲ್ಲಾಕ ಒಯ್ದಿದ್ದ."

ಮೊದಲು ಬಾಯಿ ಬಂದದ್ದು ಗುಡದಪ್ಪನಿಗೆ. "ಯಕ್ಕಾ, ದುಃಖದಾಗ ಏನೇನರ ಅನಬ್ಯಾಡ. ನಾವು ಕಣ್ಣಾರೆ ನೋಡೇವಿ, ಹೊಡದಾಂವ ಈರಪ್ಪ."

"ನೋಡೀರಿ. ಮೊದಲನೇ ಏಟು ಯಾರು ಬೀಸಿದ್ರು? ಅದನ್ನ ಯಾರ ನೋಡೀರಿ, ಹೇಳ್ರಿ?"

ನೆನಪು ಮಾಡಿಕೊಳ್ಳಲು ಹೋದವರಿಗೆ ಚಪ್ಪಾಳೆಯೇ ನೆನಪಿಗೆ ಬಂತು. ಅಲ್ಲಾವುದ್ದೀನ ಮಾಸ್ತರ ಗುಂಪು ಸರಿಸಿಕೊಂಡು ಬಂದರು.

"ತಾಲೀಮಿನ್ಯಾಗ ಮಡಿವಾಳೆಪ್ಪ ಕೊಡ್ಲಿ ಎತ್ತಿ ನಿಲ್ಲತಿದ್ದ. ಅವತ್ತ ನಿಲ್ಲಲಿಲ್ಲ, ಬೀಸಿದ. ನಾ ಪೇಟೀ ಮುಂದ ಕುಂತು ನೋಡೇನಿ."

ಈರಪ್ಪ ಗಾಯದ ಕೈಯನ್ನು ಎದೆಗೆ ಒತ್ತಿಕೊಂಡು ಎದ್ದು ಕೂತ. ಅಂಗಿಯೆಲ್ಲ ಕೆಂಪಾಗಿತ್ತು.

"ಕಸ್ತೂರೆವ್ವ ವೈನಿ ಹೇಳಿದ್ದು ಖರೆ. ಆದ್ರ ಪೂರಾ ಅಲ್ಲ," ಎಂದ. "ಕಸಗೊಂಡ ಕೂಡ್ಲೆ ತೂಕ ಗೊತ್ತಾತು, ಕಟ್ಟಿಗೀದಲ್ಲ ಅಂತ. ಒಗೀಬಹುದಿತ್ತು. ಒಗೀಲಿಲ್ಲ."

ಕಾಶಿನಾಥನಿಗೆ ಆ ಗಳಿಗೆಯಲ್ಲಿ ತಾಯಿಯ ಮೇಲೆ ಬಂದಷ್ಟು ಸಿಟ್ಟು ಈರಪ್ಪನ ಮೇಲೂ ಬಂದಿರಲಿಲ್ಲ. ಪೆಟ್ಟು ತಿಂದ ಒಳ್ಳೆಯವನ ಮಗನಾಗಿ ಅವನು ಬೆಳೆದಿದ್ದ, ಅದೊಂದೇ ಅವನ ಆಸ್ತಿಯಾಗಿತ್ತು. ಅದನ್ನು ಅವಳು ಎಲ್ಲರ ಎದುರು ಕಿತ್ತುಕೊಂಡಿದ್ದಳು. ಕೊಡಲಿಯನ್ನು ಹೊಲದ ನಡುವೆ ಬೀಸಿ ಒಗೆದು, ಕೂತುಬಿಟ್ಟು, ಚಿಕ್ಕ ಹುಡುಗರಂತೆ ಅತ್ತ. ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು.

ಮಣ್ಣಿನ ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ಮುಂದೆ ಬಂದರು. "ಹೊತ್ತು ಮುಳಗೂದ್ರೊಳಗ ಆಗಬೇಕ್ರಿ. ಕುಣಿಗೆ ಇಳಿಯಾವ್ರು ಯಾರು? ಇಬ್ಬರು ಬೇಕು. ಮನೆತನದಾವ್ರ ಇಳೀಬೇಕು."

ಆ ಮನೆತನದಲ್ಲಿ ಉಳಿದ ಗಂಡಸರು ಇಬ್ಬರೇ. ಮಾಸ್ತರ ತಮ್ಮ ಹೆಗಲ ಟಾವೆಲ್ಲನ್ನು ಈರಪ್ಪನ ಗಾಯಕ್ಕೆ ಸುತ್ತಿ, "ಮೊದಲ ದವಾಖಾನಿಗೆ ನಡಿ," ಎಂದರು. ಈರಪ್ಪ ಬೇಡವೆಂದು ತಲೆಯಾಡಿಸಿದ. ಯಾರನ್ನೂ ಕೇಳದೆ ಕುಣಿಯ ಅಂಚಿಗೆ ಹೋಗಿ, ಒಂದೇ ಕೈ ಊರಿ ಜಾರಿದ. ಕಸ್ತೂರೆವ್ವ ಮಗನ ರಟ್ಟೆ ಹಿಡಿದು ಎಬ್ಬಿಸಿದಳು. ಅವನು ಅವಳ ಕೈ ಕೊಡವಿಕೊಂಡ, ಆದರೆ ಇಳಿದ.

ಒಳಗೆ ಇಬ್ಬರಿಗೆ ಇಕ್ಕಟ್ಟು. ಒಬ್ಬನ ಉಸಿರು ಇನ್ನೊಬ್ಬನ ಮುಖಕ್ಕೆ ತಾಗುತ್ತಿತ್ತು. ಮೇಲಿನವರು ಇಳಿಸಿಕೊಟ್ಟ ಮಡಿವಾಳೆಪ್ಪನನ್ನು ಕಂಕುಳಿಗೆ ಕೈಹಾಕಿ ಹಿಡಿದು, ಕುಣಿಯ ಗೋಡೆಗೆ ಒರಗಿಸಿ ಕೂರಿಸಿದರು. ಸುತ್ತ ಮಣ್ಣು ಬಿಗಿಯುವವರೆಗೆ ಎರಡೂ ಕಡೆಯಿಂದ ಹಿಡಿದೇ ಇರಬೇಕು, ಇಲ್ಲದಿದ್ದರೆ ಹೆಣ ವಾಲುತ್ತದೆ.

ಟಾವೆಲ್ಲು ನೆನೆದು, ಈರಪ್ಪನ ರಕ್ತ ಮಡಿವಾಳೆಪ್ಪನ ಹೆಗಲ ವಿಭೂತಿಯ ಮೇಲೆ ಹನಿಯಿತು. ಕಾಶಿನಾಥ ಅಂಗೈಯಿಂದ ಒರೆಸಿದ. ಮತ್ತೆ ಹನಿಯಿತು. ಮತ್ತೆ ಒರೆಸಿದ. ಆಮೇಲೆ ಅಪ್ಪನ ಎದೆಯ ಮೇಲಿಂದ ಕೈ ಚಾಚಿ, ಈರಪ್ಪನ ತೋಳನ್ನು ಗಾಯದ ಮೇಲ್ಗಡೆ ಗಟ್ಟಿಯಾಗಿ ಹಿಡಿದ. ಬೆರಳು ಮಾಂಸದಲ್ಲಿ ಹೂತುಹೋಗುವಷ್ಟು ಗಟ್ಟಿಯಾಗಿ. ಈರಪ್ಪ ಹಲ್ಲು ಕಚ್ಚಿ ನರಳಿದ, ತೋಳು ಎಳೆದುಕೊಳ್ಳಲಿಲ್ಲ.

"ಏನ ಮಾಡಾಕತ್ತಾನ್ರಿ ಅಂವ?" ಎಂದು ಗುಡದಪ್ಪ ಅಂಚಿನಿಂದ ಬಗ್ಗಿ ಕೇಳಿದ. ರಕ್ತ ನಿಲ್ಲಿಸುತ್ತಿದ್ದಾನೋ, ಕೈ ಮುರಿಯುತ್ತಿದ್ದಾನೋ, ಮೇಲೆ ನಿಂತ ಯಾರಿಗೂ ತಿಳಿಯಲಿಲ್ಲ.

ಕಸ್ತೂರೆವ್ವ ಬೊಗಸೆ ತುಂಬ ಎರೆಮಣ್ಣು ತೆಗೆದುಕೊಂಡು ಸುರಿದಳು. ಅದು ಮೂವರ ತಲೆಯ ಮೇಲೂ ಬಿತ್ತು.